ದೇವರ ಭಯ ಇಲ್ಲದವನ ಮಾತನ್ನು ನಂಬಬಹುದಾ?

1880ರಲ್ಲಿ ಇಂಗ್ಲೆಂಡಿನ ನಾರ್ಥಾಂಪ್ಟನ್ ಕ್ಷೇತ್ರದ ಜನ ಚಾರ್ಲ್ಸ್ ಬ್ರಾಡ್ಲಾ ಎಂಬಾತನನ್ನು ಪಾರ್ಲಿಮೆಂಟಿಗೆ ಆರಿಸಿ ಕಳಿಸಿದರು. ಗೆದ್ದವರು ಮೊದಲು ದೇವರ ಹೆಸರಿನಲ್ಲಿ ಪ್ರಮಾಣ ಮಾಡಬೇಕಿತ್ತು. ಬ್ರಾಡ್ಲಾ ಊರಿಗೆಲ್ಲ ಗೊತ್ತಿದ್ದ ನಾಸ್ತಿಕ. ದೇವರ ಹೆಸರು ತೆಗೆಯದೆ ಸುಮ್ನೆ ಮಾತು ಕೊಡುತ್ತೇನೆ ಎಂದ. ಆಗಲ್ಲ ಎಂದರು. ಹಾಗಾದರೆ ಎಲ್ಲರ ಹಾಗೆ ಪ್ರಮಾಣವನ್ನೇ ಮಾಡುತ್ತೇನೆ ಎಂದ. ಅದಕ್ಕೂ ಒಪ್ಪಲಿಲ್ಲ. ದೇವರನ್ನೇ ನಂಬದವನು ದೇವರಾಣೆ ಹಾಕಿದರೆ ಅದಕ್ಕೇನು ಬೆಲೆ ಎಂಬುದು ಅವರ ತಕರಾರು. ಜಗಳ ಎಷ್ಟು ಬೆಳೆಯಿತೆಂದರೆ, ಆತನನ್ನು ಒಂದು ರಾತ್ರಿ ಪಾರ್ಲಿಮೆಂಟಿನ ಗಡಿಯಾರ ಗೋಪುರದಲ್ಲೇ ಕೂಡಿಹಾಕಿದರು. ಮುಂದೆ ಸದಸ್ಯತ್ವವೂ ಹೋಯಿತು. ಮರುಚುನಾವಣೆ ನಡೆಯಿತು. ಜನ ಮತ್ತೆ ಆತನನ್ನೇ ಗೆಲ್ಲಿಸಿದರು. ಹೀಗೆ ಹಲವು ಸಲ ಆದಮೇಲೆ, 1886ರಲ್ಲಿ ಪ್ರಮಾಣ ಮಾಡಲು ಬಿಟ್ಟರು. ಎರಡು ವರ್ಷದ ನಂತರ, ದೇವರ ಹೆಸರಿಲ್ಲದೆಯೂ ಪ್ರತಿಜ್ಞೆ ಮಾಡಬಹುದು ಎಂಬ ಕಾನೂನು ಬಂತು. ಅದನ್ನು ಮುಂದೆ ನಿಂತು ತಂದವನು ಬ್ರಾಡ್ಲಾನೇ.

ಆತನನ್ನು ತಡೆದವರೆಲ್ಲ ಹಟಮಾರಿಗಳು ಅಂತ ತಳ್ಳಿಹಾಕುವುದು ಸುಲಭ. ಆದರೆ ಅವರ ಹಿಂದೆ ಒಂದು ತೂಕದ ವಾದ ಇತ್ತು. ಜಾನ್ ಲಾಕ್ ಎಂಬ ತತ್ವಜ್ಞಾನಿ 1689ರಲ್ಲೇ ಅದನ್ನು ಬರೆದಿಟ್ಟಿದ್ದರು. ಬೇರೆ ಪಂಥದವರನ್ನು ಸಹಿಸಿಕೊಳ್ಳಿ ಎಂದು ಸರ್ಕಾರಗಳಿಗೆ ಬುದ್ಧಿ ಹೇಳಿದ ಈ ಮನುಷ್ಯ, ನಾಸ್ತಿಕರ ವಿಷಯ ಬಂದಾಗ ಬಾಗಿಲು ಹಾಕಿಬಿಟ್ಟರು. ಕೊಟ್ಟ ಮಾತು, ಮಾಡಿಕೊಂಡ ಒಪ್ಪಂದ, ಹಾಕಿದ ಆಣೆ, ಸಮಾಜ ನಿಂತಿರುವುದೇ ಇವುಗಳ ಮೇಲೆ. ದೇವರನ್ನು ನಂಬದವನನ್ನು ಇವು ಯಾವುವೂ ಕಟ್ಟಿಹಾಕಲಾರವು ಎಂದು ಅವರ ಅಭಿಪ್ರಾಯ. ನಮ್ಮ ಮನೆಗಳಲ್ಲಿ ಇದೇ ವಾದ ಇನ್ನೂ ಚಿಕ್ಕದಾಗಿ ಬರುತ್ತದೆ: 'ಮನುಷ್ಯನಿಗೆ ದೇವರ ಭಯ ಅನ್ನೋದು ಬೇಡ್ವಾ?'

ಈ ಅನುಮಾನ ಇವತ್ತಿಗೂ ಸತ್ತಿಲ್ಲ. ಅಮೆರಿಕದ ಪ್ಯೂ ಸಂಶೋಧನಾ ಸಂಸ್ಥೆ 34 ದೇಶಗಳ ಜನರನ್ನು ಕೇಳಿ 2020ರಲ್ಲಿ ಪ್ರಕಟಿಸಿದ ಸಮೀಕ್ಷೆ ಇದೆ. ಒಳ್ಳೆಯವರಾಗಿರಲು ದೇವರನ್ನು ನಂಬುವುದು ಅಗತ್ಯವೇ ಎಂಬುದು ಪ್ರಶ್ನೆ. ಇಂಡೋನೇಷ್ಯಾ, ಫಿಲಿಪ್ಪೀನ್ಸ್‌ಗಳಲ್ಲಿ 96% ಜನ ಹೌದೆಂದರು. ಸ್ವೀಡನ್ನಿನಲ್ಲಿ 9%. ಭಾರತದಲ್ಲಿ ಬಹುಪಾಲು ಜನ ಹೌದೆಂದವರೇ.

ಹಾಗಂತ ನಮ್ಮ ಕಾನೂನು ಆ ಬಹುಮತದ ಜೊತೆ ಹೋಗಿಲ್ಲ. 1949ರ ಅಕ್ಟೋಬರ್ 17ರಂದು ಸಂವಿಧಾನ ಸಭೆಯಲ್ಲಿ, ಮಂಗಳೂರಿನಲ್ಲಿ ಹುಟ್ಟಿದ ಎಚ್.ವಿ. ಕಾಮತ್ ಎದ್ದುನಿಂತು, ಪೀಠಿಕೆ 'ದೇವರ ಹೆಸರಿನಲ್ಲಿ' ಎಂದು ಶುರುವಾಗಲಿ ಎಂದು ತಿದ್ದುಪಡಿ ತಂದರು. ಅಸ್ಸಾಮಿನ ಸದಸ್ಯರೊಬ್ಬರು ಕಾಮಾಖ್ಯೆಯ ನಾಡಿನವರು. ದೇವರು ಎಂದರೆ ಸಾಲದು, ದೇವಿ ಎನ್ನಿ ಎಂದರು! ಪೂರ್ಣಿಮಾ ಬ್ಯಾನರ್ಜಿ ಅವರು ದೇವರನ್ನು ಮತಕ್ಕೆ ಹಾಕುವ ಸಂಕಟ ತರಬೇಡಿ ಎಂದು ಕೇಳಿಕೊಂಡರು. ಕಾಮತ್ ಬಿಡಲಿಲ್ಲ. ಮತ ಎಣಿಸಿದಾಗ ಪರವಾಗಿ 41, ವಿರುದ್ಧವಾಗಿ 68. ವಿರೋಧಿಸಿ ಮಾತಾಡಿದವರು ನಾಸ್ತಿಕರೇನಲ್ಲ. ಇನ್ನೊಬ್ಬರ ನಂಬಿಕೆಯ ಮೇಲೆ ಬಲವಂತ ಬೇಡ ಎಂಬುದು ಅವರ ಮಾತಾಗಿತ್ತು. ಇವತ್ತು ಶಾಸಕರು, ಮಂತ್ರಿಗಳು ದೇವರ ಹೆಸರಿನಲ್ಲಾದರೂ ಪ್ರಮಾಣ ಮಾಡಬಹುದು, ಸತ್ಯನಿಷ್ಠೆಯಿಂದ ದೃಢೀಕರಿಸಲೂಬಹುದು. ಕೋರ್ಟಿನ ಸಾಕ್ಷಿಗೂ 1969ರ ಪ್ರಮಾಣಗಳ ಕಾಯಿದೆ ಇದೇ ಆಯ್ಕೆ ಕೊಡುತ್ತದೆ. ಭಗವದ್ಗೀತೆ ಮುಟ್ಟಿಸಿ ಆಣೆ ಮಾಡಿಸುವುದು ಸಿನಿಮಾದ ಕಾಯಿದೆ. ಸುಳ್ಳು ಸಾಕ್ಷಿ ಹೇಳಿದರೆ ಶಿಕ್ಷೆ ಮಾತ್ರ ಇಬ್ಬರಿಗೂ ಒಂದೇ.

ಬ್ರಾಡ್ಲಾ ಕತೆಗೆ ಇನ್ನೊಂದು ಬಾಲ ಇದೆ. 1891ರಲ್ಲಿ ಆತ ತೀರಿಕೊಂಡಾಗ ಅಂತ್ಯಕ್ರಿಯೆಗೆ ಬಂದವರಲ್ಲಿ ಲಂಡನ್ನಿನಲ್ಲಿ ಓದುತ್ತಿದ್ದ ಮೋಹನದಾಸ ಗಾಂಧಿಯೂ ಒಬ್ಬ. ವಾಪಸ್ ಬರುವಾಗ ರೈಲು ನಿಲ್ದಾಣದಲ್ಲಿ ಒಬ್ಬ ನಾಸ್ತಿಕ ಒಬ್ಬ ಪಾದ್ರಿಯನ್ನು ಹಿಡಿದುಕೊಂಡು, ನಿನ್ನ ದೇವರ ಅಳತೆ ಎಷ್ಟು, ಇರುವುದೆಲ್ಲಿ ಎಂದು ಕಾಡಿಸುತ್ತಿದ್ದ. ಅದನ್ನು ನೋಡಿ ನಾಸ್ತಿಕತೆಯ ಬಗ್ಗೆ ತನಗಿದ್ದ ಬೇಸರ ಇನ್ನಷ್ಟು ಹೆಚ್ಚಿತು ಎಂದು ಗಾಂಧಿ ಬರೆದುಕೊಂಡಿದ್ದಾರೆ. ವಾದದಲ್ಲಿ ಗೆದ್ದು ಜನರನ್ನು ಕಳೆದುಕೊಳ್ಳುವ ನಾಸ್ತಿಕರು ಈಗಲೂ ಇದ್ದಾರೆ, ಬಿಡಿ. ಅದೇ ಗಾಂಧಿ 1940ರ ದಶಕದಲ್ಲಿ ಗೋರಾ ಅವರ ಜೊತೆ ಮಾತಿಗೆ ಕೂತರು. ಗೋರಾ ಎಂದರೆ ಗೋಪರಾಜು ರಾಮಚಂದ್ರ ರಾವ್, ಆಂಧ್ರದಲ್ಲಿ 1940ರಲ್ಲಿ ನಾಸ್ತಿಕ ಕೇಂದ್ರ ಕಟ್ಟಿದವರು. ಹಳ್ಳಿಯಲ್ಲಿದ್ದು ಅಸ್ಪೃಶ್ಯತೆಯ ವಿರುದ್ಧ ಅವರು ಮಾಡುತ್ತಿದ್ದ ಕೆಲಸ ಗಾಂಧಿಗೆ ಹಿಡಿಸಿತು. ಗೋರಾ ತಮ್ಮ ಮಗಳನ್ನು ದಲಿತ ಯುವಕನಿಗೆ ಕೊಟ್ಟು ಮದುವೆ ಮಾಡಲು ಹೊರಟಾಗ, ಸೇವಾಗ್ರಾಮದಲ್ಲೇ ಮಾಡೋಣ, ದೇವರ ಹೆಸರು ಬರುವ ಕಡೆ ಸತ್ಯದ ಹೆಸರು ಹೇಳೋಣ ಎಂದು ಗಾಂಧಿ ಒಪ್ಪಿದರು. ಮದುವೆ ನಡೆದದ್ದು 1948ರ ಮಾರ್ಚ್‌ನಲ್ಲಿ. ಅಷ್ಟರಲ್ಲಿ ಗಾಂಧಿ ಇರಲಿಲ್ಲ.

ಒಂದು ಗಂಟಿನಲ್ಲಿ ಹಲವು ಎಳೆ

'ದೇವರಿಲ್ಲದೆ ನೀತಿ ಇರುತ್ತದಾ' ಎಂದು ಕೇಳಿದಾಗ ಬೇರೆ ಬೇರೆ ಜನ ಬೇರೆ ಬೇರೆ ಪ್ರಶ್ನೆ ಕೇಳುತ್ತಿರುತ್ತಾರೆ. ಒಳ್ಳೆಯದು ಯಾವುದು ಎಂದು ತೀರ್ಮಾನಿಸುವವರು ಯಾರು ಎಂಬುದು ಒಬ್ಬರ ಚಿಂತೆ. ಒಳ್ಳೆಯದು ಗೊತ್ತಿದ್ದರೂ ಜನ ಅದನ್ನು ಮಾಡುವ ಹಾಗೆ ಹಿಡಿದಿಡುವುದು ಏನು ಎಂಬುದು ಇನ್ನೊಬ್ಬರದು. ಒಳ್ಳೆಯವರಾಗಿ ಬಾಳಿಯೂ ಕಷ್ಟವನ್ನೇ ಉಂಡು ಸತ್ತವರಿಗೆ ಏನು ಸಿಕ್ಕಿತು ಎಂಬ ಸಂಕಟ ಮತ್ತೊಬ್ಬರದು. ಇವನ್ನು ಒಟ್ಟಿಗೆ ಕಟ್ಟಿದರೆ ಚರ್ಚೆ ಜಗಳವಾಗುತ್ತದೆ. ನನ್ನ ಮಟ್ಟಿಗೆ ಮೊದಲನೆಯದಕ್ಕೆ ಧರ್ಮ ಬೇಕಿಲ್ಲ. ಎರಡನೆಯದಕ್ಕೆ ಧರ್ಮ ಸಹಾಯ ಮಾಡುತ್ತದೆ, ಆದರೆ ನಾವು ಅಂದುಕೊಂಡ ದಾರಿಯಲ್ಲಲ್ಲ. ಮೂರನೆಯದರಲ್ಲಿ ನಂಬದವರು ಏನನ್ನೋ ನಿಜವಾಗಿಯೂ ಕಳೆದುಕೊಳ್ಳುತ್ತಾರೆ.

ಮೊದಲನೆಯದಕ್ಕೆ ಸುಮಾರು 2400 ವರ್ಷ ಹಳೆಯ ಒಂದು ಮಾತುಕತೆ ಇದೆ. ಅಥೆನ್ಸಿನಲ್ಲಿ ಸಾಕ್ರೆಟಿಸ್ ತನ್ನ ಮೇಲಿನ ಮೊಕದ್ದಮೆಗಾಗಿ ಕೋರ್ಟಿಗೆ ಹೋಗಿರುತ್ತಾನೆ. ಅಲ್ಲಿ ಯೂಥಿಫ್ರೋ ಎಂಬವನು ಸಿಗುತ್ತಾನೆ. ಅವನು ತನ್ನ ಸ್ವಂತ ತಂದೆಯ ಮೇಲೇ ಕೊಲೆ ಕೇಸು ಹಾಕಲು ಬಂದವನು. ಅವರ ಹೊಲದ ಕೂಲಿಯೊಬ್ಬ ಕುಡಿದ ಮತ್ತಿನಲ್ಲಿ ಮನೆಯ ಗುಲಾಮನನ್ನು ಕೊಂದಿದ್ದ. ತಂದೆ ಆ ಕೂಲಿಯ ಕೈಕಾಲು ಕಟ್ಟಿ ಹಳ್ಳಕ್ಕೆ ತಳ್ಳಿ, ಮುಂದೇನು ಮಾಡಬೇಕೆಂದು ಧರ್ಮ ಬಲ್ಲವರನ್ನು ಕೇಳಿಬರಲು ಅಥೆನ್ಸಿಗೆ ಆಳು ಕಳಿಸಿದ. ಆಳು ವಾಪಸ್ ಬರುವುದರೊಳಗೆ ಕೂಲಿ ಹಸಿವಿನಿಂದ, ಚಳಿಯಿಂದ ಸತ್ತ. ಮಗ ತಂದೆಯನ್ನು ಕೋರ್ಟಿಗೆ ಎಳೆಯುವುದು ಪಾಪ ಎಂದು ನೆಂಟರೆಲ್ಲ ಸಿಟ್ಟಾಗಿದ್ದಾರೆ. ದೇವರು ಮೆಚ್ಚುವುದು ಏನೆಂದು ನನಗೆ ಚೆನ್ನಾಗಿ ಗೊತ್ತು, ನಾನು ಮಾಡುತ್ತಿರುವುದೇ ಸರಿ ಎನ್ನುತ್ತಾನೆ ಯೂಥಿಫ್ರೋ. ಆಗ ಸಾಕ್ರೆಟಿಸ್ ಕೇಳುತ್ತಾನೆ: ದೇವರು ಮೆಚ್ಚಿದ್ದರಿಂದ ಅದು ಒಳ್ಳೆಯದಾಯಿತೋ, ಒಳ್ಳೆಯದಾಗಿದ್ದರಿಂದ ದೇವರು ಮೆಚ್ಚಿದನೋ?

ಮೊದಲನೆಯದನ್ನು ಒಪ್ಪಿದರೆ, ನಾಳೆ ದೇವರು ಕಳ್ಳತನವನ್ನು ಮೆಚ್ಚಿದರೆ ಕಳ್ಳತನವೇ ಧರ್ಮವಾಗುತ್ತದೆ. ಎರಡನೆಯದನ್ನು ಒಪ್ಪಿದರೆ, ಒಳ್ಳೆಯದು ದೇವರ ಮೆಚ್ಚುಗೆಗೆ ಮೊದಲೇ ಒಳ್ಳೆಯದಾಗಿತ್ತು ಎಂದಾಯಿತು. ಆಸ್ತಿಕ ಪಂಡಿತರು ಇದಕ್ಕೆ ಒಂದು ಉತ್ತರ ಕೊಟ್ಟಿದ್ದಾರೆ: ದೇವರ ಸ್ವಭಾವವೇ ಒಳ್ಳೆಯತನ, ಹಾಗಾಗಿ ಅವನು ಕೆಟ್ಟದ್ದನ್ನು ಮೆಚ್ಚುವ ಮಾತೇ ಬರುವುದಿಲ್ಲ. ಇದು ಹಗುರವಾದ ಉತ್ತರವೇನಲ್ಲ. ಆದರೂ ಒಂದು ತೊಡಕು ಉಳಿಯುತ್ತದೆ. ದೇವರ ಸ್ವಭಾವ ಒಳ್ಳೆಯದು ಎಂದು ಹೇಳಲು ನಮಗೆ ಒಳ್ಳೆಯದರ ಅಳತೆಗೋಲು ಮೊದಲೇ ಕೈಯಲ್ಲಿರಬೇಕಲ್ವಾ?

ಭಕ್ತರೂ ಈ ಅಳತೆಗೋಲನ್ನು ದಿನಾ ಬಳಸುತ್ತಾರೆ. ಶಾಸ್ತ್ರ ಅಸ್ಪೃಶ್ಯತೆಯನ್ನು ಒಪ್ಪುತ್ತದೆ ಎಂದಾದರೆ ಆ ಶಾಸ್ತ್ರವನ್ನೇ ಒಪ್ಪುವುದಿಲ್ಲ ಎಂಬುದು ಗಾಂಧಿಯ ನಿಲುವಾಗಿತ್ತು. ರಾಮನಾಮ ಬಿಡದ ಮನುಷ್ಯ ಶಾಸ್ತ್ರವನ್ನು ತನ್ನ ಮನಸ್ಸಾಕ್ಷಿಯ ತಕ್ಕಡಿಗೆ ಹಾಕಿದ್ದು ಅದು. ಮಕ್ಕಳಲ್ಲೂ ಇದೇ ಕಾಣುತ್ತದೆ. ಲ್ಯಾರಿ ನುಚಿ ಎಂಬ ಮನಶ್ಶಾಸ್ತ್ರಜ್ಞ 1980ರ ದಶಕದಲ್ಲಿ ಅಮೆರಿಕದ ಅತಿ ಮಡಿವಂತ ಕ್ರೈಸ್ತ ಮತ್ತು ಯಹೂದಿ ಮನೆಗಳ ಮಕ್ಕಳನ್ನು ಮಾತಾಡಿಸಿದರು. ವಾರದ ಪವಿತ್ರ ದಿನ ಕೆಲಸ ಮಾಡಬಾರದು ಎಂದು ದೇವರು ಹೇಳಿರದಿದ್ದರೆ ಆ ದಿನ ಕೆಲಸ ಮಾಡಬಹುದಾ ಎಂಬಂಥ ಪ್ರಶ್ನೆಗೆ ಹೆಚ್ಚಿನ ಮಕ್ಕಳು, ಮಾಡಬಹುದು ಎಂದರು. ಇನ್ನೊಬ್ಬರಿಗೆ ಹೊಡೆಯಬಾರದು ಎಂದು ದೇವರು ಹೇಳಿರದಿದ್ದರೆ? ಆಗಲೂ ಹೊಡೆಯುವುದು ತಪ್ಪೇ ಎಂದರು ಹೆಚ್ಚಿನವರು. ಯಾಕೆ ಎಂದರೆ, ಹೊಡೆದರೆ ನೋವಾಗುತ್ತದೆ. ದೇವರು ಹಾಕಿದ ನಿಯಮ ಯಾವುದು, ನಿಯಮ ಇಲ್ಲದಿದ್ದರೂ ತಪ್ಪಾಗಿಯೇ ಉಳಿಯುವುದು ಯಾವುದು ಎಂಬ ವ್ಯತ್ಯಾಸ ಆ ಮಕ್ಕಳಿಗೆ ಯಾರೂ ತತ್ವಶಾಸ್ತ್ರ ಕಲಿಸದೆಯೇ ಗೊತ್ತಿತ್ತು.

ನಮ್ಮಲ್ಲಿ ಪ್ರಶ್ನೆಯೇ ಬೇರೆ ಥರ

ದೇವರು, ಧರ್ಮ, ಪರಲೋಕ ಮೂರೂ ಒಂದೇ ಮೂಟೆಯಲ್ಲಿ ಬರುವುದು ಯಹೂದಿ, ಕ್ರೈಸ್ತ, ಇಸ್ಲಾಂ ಪರಂಪರೆಗಳಲ್ಲಿ. ಭಾರತದಲ್ಲಿ ಈ ಮೂಟೆ ಬಹಳ ಹಿಂದೆಯೇ ಬಿಚ್ಚಿಹೋಗಿತ್ತು. ಜೈನರನ್ನೇ ನೋಡಿ. ಶ್ರವಣಬೆಳಗೊಳದ ಬೆಟ್ಟದಲ್ಲಿ ಸಲ್ಲೇಖನದಿಂದ ದೇಹ ಬಿಟ್ಟವರ ಶಾಸನಗಳು ಸಾಲುಸಾಲಾಗಿವೆ. ಅಹಿಂಸೆಯಲ್ಲಿ ಅಷ್ಟು ಕಟ್ಟುನಿಟ್ಟಾದ ಧರ್ಮ ಇನ್ನೊಂದಿಲ್ಲ ಎನ್ನಬಹುದು. ಅದರಲ್ಲಿ ಜಗತ್ತನ್ನು ಸೃಷ್ಟಿಸಿದ, ತಪ್ಪಿಗೆ ಶಿಕ್ಷೆ ಕೊಡುವ ದೇವರಿಲ್ಲ. ಕರ್ಮ ತಾನಾಗಿಯೇ ಜೀವಕ್ಕೆ ಅಂಟುತ್ತದೆ, ತಪಸ್ಸಿನಿಂದ ಕಳಚುತ್ತದೆ. ವೇದವನ್ನೇ ಪ್ರಾಣ ಎಂದುಕೊಂಡ ಮೀಮಾಂಸಕರ ಕತೆ ಇನ್ನೂ ವಿಚಿತ್ರ. 7ನೇ ಶತಮಾನದ ಕುಮಾರಿಲ ಭಟ್ಟ, ಜಗತ್ತಿಗೆ ಒಬ್ಬ ಕರ್ತೃ ಇದ್ದಾನೆ ಎಂಬ ವಾದವನ್ನೇ ಖಂಡಿಸಿದವನು. ಅವನ ಪ್ರಕಾರ ವೇದವನ್ನು ಯಾರೂ ಬರೆದಿಲ್ಲ, ದೇವರೂ ಬರೆದಿಲ್ಲ. ಯಜ್ಞ ಫಲ ಕೊಡುವುದಕ್ಕೂ ಸೃಷ್ಟಿಕರ್ತ ಬೇಕಿಲ್ಲ. ಅತ್ಯಂತ ಸಂಪ್ರದಾಯಸ್ಥರ ನಡುವೆಯೇ ಸೃಷ್ಟಿಕರ್ತನಿಲ್ಲದ ಧರ್ಮ ನಡೆದಿತ್ತು.

ಇವರೆಲ್ಲ ದೇವರನ್ನು ಬಿಟ್ಟರೂ ಪರಲೋಕವನ್ನು, ಮರುಹುಟ್ಟನ್ನು ಬಿಟ್ಟಿರಲಿಲ್ಲ ಎಂದು ನೀವು ಕೇಳಬಹುದು. ಸರಿಯಾದ ಪ್ರಶ್ನೆ. ಅದಕ್ಕೆ ಬುದ್ಧನ ಹತ್ತಿರ ಹೋಗಬೇಕು. ಕೋಸಲ ದೇಶದಲ್ಲಿ ಕಾಲಾಮರು ಎಂಬ ಜನ ಇದ್ದರು. ಊರಿಗೆ ಬಂದ ಪ್ರತಿ ಗುರುವೂ ತನ್ನದೇ ಸರಿ, ಉಳಿದವರದು ಸುಳ್ಳು ಎನ್ನುತ್ತಾನೆ, ಯಾರನ್ನು ನಂಬೋಣ ಎಂದು ಅವರು ಬುದ್ಧನನ್ನು ಕೇಳಿದರು. ಗುರು ಹೇಳಿದ, ಗ್ರಂಥದಲ್ಲಿದೆ ಅಂತ ಒಪ್ಪಬೇಡಿ ಎಂದ ಬುದ್ಧನ ಮಾತು ಎಲ್ಲರಿಗೂ ಗೊತ್ತು. ಅದರ ಕೊನೆಯ ಭಾಗ ಅಷ್ಟಾಗಿ ಚರ್ಚೆಗೆ ಬರುವುದಿಲ್ಲ. ದ್ವೇಷವಿಲ್ಲದೆ ಬಾಳುವವನಿಗೆ ನಾಲ್ಕು ನೆಮ್ಮದಿಗಳಿವೆ ಎನ್ನುತ್ತಾನೆ. ಪರಲೋಕ ಇದ್ದು, ಕರ್ಮಕ್ಕೆ ಫಲವೂ ಇದ್ದರೆ, ಅವನಿಗೆ ಒಳ್ಳೆಯ ಗತಿ ಸಿಗುತ್ತದೆ. ಪರಲೋಕ ಇಲ್ಲ, ಫಲವೂ ಇಲ್ಲ ಎಂದಾದರೂ, ಇಲ್ಲೇ, ಈ ಬಾಳಿನಲ್ಲೇ ದ್ವೇಷ ಇಲ್ಲದೆ, ಸಂಕಟ ಇಲ್ಲದೆ ಅವನು ಸುಖವಾಗಿರುತ್ತಾನೆ. ಕೆಟ್ಟದ್ದು ಮಾಡಿದವರಿಗೆ ಕೆಟ್ಟದ್ದಾಗುವುದಾದರೆ, ಅವನು ಮಾಡಿಯೇ ಇಲ್ಲ. ಆಗುವುದಿಲ್ಲ ಎಂದಾದರೆ, ಎರಡೂ ಕಡೆಯಿಂದ ಅವನು ಪಾರು. ಬುದ್ಧ ಮರುಹುಟ್ಟನ್ನು ಬೋಧಿಸಿದವನೇ. ಆದರೆ ಒಳ್ಳೆಯತನದ ಕಟ್ಟಡವನ್ನು ಅದರ ಮೇಲೆ ನಿಲ್ಲಿಸಲಿಲ್ಲ. ಪರಲೋಕ ಬಿದ್ದುಹೋದರೂ ಈ ಕಟ್ಟಡಕ್ಕೆ ಬಿರುಕು ಬರುವುದಿಲ್ಲ.

ಎಲ್ಲವನ್ನೂ ಬಿಟ್ಟವರು ಚಾರ್ವಾಕರು. 'ಸಾಲ ಮಾಡಿಯಾದರೂ ತುಪ್ಪ ತಿನ್ನು' ಎಂಬ ಮಾತು ಅವರ ಹಣೆಗೆ ಅಂಟಿಕೊಂಡುಬಿಟ್ಟಿದೆ. ಪರಲೋಕ ನಂಬದವನು ಹೀಗೇ ಆಗುತ್ತಾನೆ ಎಂದು ತೋರಿಸಲು ಇವತ್ತಿಗೂ ಅದೇ ಸಾಲು ಬೇಕು. ಚಾರ್ವಾಕರ ಗ್ರಂಥಗಳು ಉಳಿದಿಲ್ಲ, ಗೊತ್ತಿರುವುದೆಲ್ಲ ಹೆಚ್ಚಾಗಿ ವಿರೋಧಿಗಳು ಬರೆದಿಟ್ಟದ್ದು. ಆ ಸಾಲು ಮನೆಮಾತಾದದ್ದು 14ನೇ ಶತಮಾನದ, ವಿಜಯನಗರ ಕಾಲದ ಮಾಧವಾಚಾರ್ಯರ 'ಸರ್ವದರ್ಶನ ಸಂಗ್ರಹ'ದಿಂದ. ತಮಾಷೆ ಎಂದರೆ, ಅದೇ ಗ್ರಂಥದ ಅದೇ ಅಧ್ಯಾಯದ ಆರಂಭದಲ್ಲಿ ಅದೇ ಶ್ಲೋಕ ಬೇರೆ ರೂಪದಲ್ಲಿದೆ. ಇರುವಷ್ಟು ಕಾಲ ಸುಖವಾಗಿ ಬಾಳು, ಸಾವಿನ ಕೈಗೆ ಸಿಗದವರು ಯಾರೂ ಇಲ್ಲ ಎಂದು ಅಲ್ಲಿನ ಮಾತು. ಅಲ್ಲಿ ಸಾಲವೂ ಇಲ್ಲ, ತುಪ್ಪವೂ ಇಲ್ಲ. ಸಾಲದ ಸಾಲು ಗೇಲಿಗಾಗಿ ತಿದ್ದಿದ್ದು ಎಂದು ಹೇಳುವ ವಿದ್ವಾಂಸರಿದ್ದಾರೆ, ನನಗೂ ಹಾಗೇ ಅನಿಸುತ್ತದೆ.

ಪರಲೋಕದ ನಂಬಿಕೆ ನೀತಿಗೆ ಪೆಟ್ಟು ಕೊಡುವುದೂ ಉಂಟು. 'ಪಾಪ, ಅವರ ಕರ್ಮ' ಎಂಬ ಮಾತು ಎಷ್ಟು ಸಲ ಕೇಳಿಲ್ಲ? ಹಿಂದಿನ ಜನ್ಮದ ಲೆಕ್ಕ ಇಲ್ಲಿ ತೀರುತ್ತಿದೆ ಎಂದುಕೊಂಡರೆ ಎದುರಿಗಿರುವ ಅನ್ಯಾಯ ಅನ್ಯಾಯವಾಗಿ ಕಾಣುವುದೇ ಇಲ್ಲ. ಅಂಬೇಡ್ಕರ್ ಈ ವಿಷಯದಲ್ಲಿ ಬಹಳ ಖಚಿತವಾಗಿದ್ದರು. 1956ರ ಅಕ್ಟೋಬರ್ 14ರಂದು ನಾಗಪುರದಲ್ಲಿ ಬೌದ್ಧರಾದ ಅವರು, ಹಿಂದಿನ ಜನ್ಮದ ಕರ್ಮದಿಂದ ಬಡತನ, ಕೀಳುತನ ಬರುತ್ತದೆ ಎಂಬುದನ್ನು ಬೌದ್ಧ ಧರ್ಮದ ಒಳಗೂ ಒಪ್ಪಲಿಲ್ಲ. ಹಾಗಂತ ಅವರು ಧರ್ಮವೇ ಬೇಡ ಎಂದವರಲ್ಲ. ಸಮಾಜಕ್ಕೆ ಧರ್ಮ ಬೇಕೇ ಬೇಕು ಎಂದು ನಂಬಿದ್ದರು. ಅವರ ಧಮ್ಮದಲ್ಲಿ ದೇವರ ಜಾಗದಲ್ಲಿ ನೀತಿಯೇ ಕೂತಿತ್ತು. ಬಸವಣ್ಣನವರು ದೇವರನ್ನು ಬಿಟ್ಟವರಲ್ಲ, ಕೂಡಲಸಂಗನ ಹೆಸರಿಲ್ಲದೆ ಅವರ ವಚನ ಮುಗಿಯುವುದಿಲ್ಲ. ಅವರೂ 'ಆಚಾರವೇ ಸ್ವರ್ಗ, ಅನಾಚಾರವೇ ನರಕ' ಎಂದು ಸ್ವರ್ಗವನ್ನು ಇಲ್ಲಿಗೇ ಇಳಿಸಿದರು.

ಹಿಡಿದಿಡುವುದು ಏನು?

ಸರಿ, ಒಳ್ಳೆಯದು ಯಾವುದೆಂದು ದೇವರಿಲ್ಲದೆಯೂ ಗೊತ್ತಾಗಬಹುದು. ಗೊತ್ತಾದರೆ ಸಾಕಾ? ಪೊಲೀಸರು ಕಂಡಾಗ ಮಾತ್ರ ತಲೆಗೇರುವ ಹೆಲ್ಮೆಟ್ಟಿನ ಹಾಗೆ, ಮೇಲೊಬ್ಬ ನೋಡುತ್ತಿದ್ದಾನೆ ಎಂಬ ಭಯ ಇದ್ದರಷ್ಟೇ ಜನ ನೆಟ್ಟಗಿರುತ್ತಾರೆ ಎಂಬುದು ಲಾಕ್ ಅವರ ವಾದದ ತಿರುಳು. ಇದಕ್ಕೆ ಲಾಕ್‌ಗಿಂತ ಮೊದಲೇ, 1682ರಲ್ಲಿ, ಫ್ರಾನ್ಸಿನ ಪಿಯರ್ ಬೇಲ್ ಉತ್ತರ ಕೊಟ್ಟಿದ್ದರು. ನಾಸ್ತಿಕರೇ ತುಂಬಿದ ಸಮಾಜವೂ ಚೆನ್ನಾಗಿಯೇ ನಡೆಯಬಹುದು ಎಂದರು. ಅವರ ಕಾರಣ ಸರಳ: ಜನ ತಮ್ಮ ನಂಬಿಕೆಯ ಪ್ರಕಾರ ನಡೆಯುವುದು ಕಡಿಮೆ. ನರಕವನ್ನು ನಂಬುವವರೂ ಮೋಸ ಮಾಡುತ್ತಾರೆ, ಲಂಚ ತಿನ್ನುತ್ತಾರೆ. ಜನರನ್ನು ಹಿಡಿದಿಡುವುದು ಸ್ವಭಾವ, ರೂಢಿ, ನಾಲ್ಕು ಜನ ಏನಂದಾರು ಎಂಬ ನಾಚಿಕೆ.

ಬೇಲ್ ಹೇಳಿದ್ದಕ್ಕೆ ನಂತರ ಪುರಾವೆಗಳು ಸಿಕ್ಕಿವೆ. 1973ರಲ್ಲಿ ಜಾನ್ ಡಾರ್ಲಿ, ಡೇನಿಯಲ್ ಬ್ಯಾಟ್ಸನ್ ಎಂಬ ಮನಶ್ಶಾಸ್ತ್ರಜ್ಞರು ಅಮೆರಿಕದ ಪ್ರಿನ್ಸ್‌ಟನ್‌ನಲ್ಲಿ ಪಾದ್ರಿಗಳಾಗಲು ಓದುತ್ತಿದ್ದ 40 ವಿದ್ಯಾರ್ಥಿಗಳ ಮೇಲೆ ಒಂದು ಪ್ರಯೋಗ ಮಾಡಿದರು. ಪಕ್ಕದ ಕಟ್ಟಡಕ್ಕೆ ಹೋಗಿ ಒಂದು ಚಿಕ್ಕ ಭಾಷಣ ಮಾಡಬೇಕು ಎಂದು ಹೇಳಿದರು. ಅರ್ಧ ಜನರ ವಿಷಯ, ದಾರಿಯಲ್ಲಿ ಗಾಯಗೊಂಡು ಬಿದ್ದವನನ್ನು ಎತ್ತಿದ ಸಮಾರ್ಯದವನ ಕತೆ, ಬೈಬಲ್ಲಿನ ಪ್ರಸಿದ್ಧ ದೃಷ್ಟಾಂತ. ಹೋಗುವ ದಾರಿಯಲ್ಲಿ ಒಬ್ಬ ಬಾಗಿಲ ಬಳಿ ಕುಸಿದು, ಕೆಮ್ಮುತ್ತ, ನರಳುತ್ತ ಕೂತಿದ್ದ. ಅವನು ಪ್ರಯೋಗದವರೇ ಕೂರಿಸಿದ್ದವನು. ಯಾರು ನಿಂತು ವಿಚಾರಿಸಿದರು? ಟೈಮಿದೆ ಎಂದುಕೊಂಡವರಲ್ಲಿ 63% ಜನ. ಸ್ವಲ್ಪ ಅವಸರದವರಲ್ಲಿ 45%. ತಡವಾಯಿತು, ಓಡಿ ಎಂದು ಹೇಳಿಸಿಕೊಂಡವರಲ್ಲಿ ಬರೀ 10%. ತಲೆಯಲ್ಲಿ ಸಮಾರ್ಯದವನ ಕತೆ ಇದ್ದದ್ದರಿಂದ ಹೇಳಿಕೊಳ್ಳುವಂಥ ವ್ಯತ್ಯಾಸ ಆಗಲಿಲ್ಲ. ಆ ಕತೆ ಹೇಳಲು ಹೊರಟವರಲ್ಲೇ ಕೆಲವರು ಅವನನ್ನು ದಾಟಿಕೊಂಡು ಹೋದರು. ಭಕ್ತರನ್ನು ಹಂಗಿಸಲು ಇದನ್ನು ಹೇಳುತ್ತಿಲ್ಲ. ಅವಸರದಲ್ಲಿ ಯಾರೇ ಆದರೂ ಹೀಗೇ ಮಾಡುತ್ತಿದ್ದರೇನೋ. ತಲೆಯಲ್ಲಿರುವ ನಂಬಿಕೆ ಕಾಲಿಗೆ ಇಳಿಯುವುದು ಅಷ್ಟು ಸಲೀಸಲ್ಲ ಎಂಬುದು ಇದರಲ್ಲಿ ಕಾಣುತ್ತದೆ.

ಹಾಗಾದರೆ ಧರ್ಮದಿಂದ ಏನೂ ಇಲ್ಲವಾ? ಇದೆ. ಮೊರಾಕ್ಕೋದ ಮರಾಕೇಶ್ ಪೇಟೆಯಲ್ಲಿ ಅಂಗಡಿಯವರಿಗೆ ದಾನ ಮಾಡುವ ಅವಕಾಶ ಕೊಟ್ಟು ನೋಡಿದ ಒಂದು ಅಧ್ಯಯನ 2015ರಲ್ಲಿ ಪ್ರಕಟವಾಯಿತು. ಆಜಾನ್ ಕೇಳಿಸುತ್ತಿರುವಾಗ ಅವರು ಹೆಚ್ಚು ಉದಾರಿಗಳಾದರು. ಬೇರೆ ಹೊತ್ತಿನಲ್ಲಿ ಅಷ್ಟಿಲ್ಲ. ಜನ ಅವರೇ, ನಂಬಿಕೆಯೂ ಅದೇ. ನೆನಪಿಸುವ ದನಿ ಇದ್ದಾಗ ಕೈ ಬಿಚ್ಚಿತು. ಅಮೆರಿಕದಲ್ಲಿ ಚರ್ಚಿಗೆ ಹೋಗುವವರು ದಾನ, ಸ್ವಯಂಸೇವೆಗಳಲ್ಲಿ ಮುಂದು ಎಂಬುದು ನಿಜ. ಆದರೆ ರಾಬರ್ಟ್ ಪಟ್ನಮ್, ಡೇವಿಡ್ ಕ್ಯಾಂಪ್‌ಬೆಲ್ ಎಂಬ ವಿದ್ವಾಂಸರು ಇದನ್ನು ಕೆದಕಿದಾಗ, ಸ್ವರ್ಗ ನರಕದ ನಂಬಿಕೆಗಿಂತ ಚರ್ಚಿನಲ್ಲಿರುವ ಗೆಳೆಯರ ಬಳಗವೇ ಮುಖ್ಯ ಎಂದು ಕಂಡುಬಂತು. ಪ್ರತಿ ವಾರ ಸೇರುವುದು, ಒಬ್ಬರು ಕೇಳಿದಾಗ ಇನ್ನೊಬ್ಬರಿಗೆ ಇಲ್ಲ ಎನ್ನಲಾಗದಿರುವುದು, ಕಾಯಿಲೆ ಬಿದ್ದಾಗ ಮನೆಗೆ ಊಟ ಬರುವುದು, ಕೆಲಸ ಮಾಡುವುದು ಇವು.

ಇದು ನಂಬದವರಿಗೂ ಒಂದು ಎಚ್ಚರಿಕೆ. ದೇವಸ್ಥಾನ ಬಿಟ್ಟವರಿಗೆ ಬುದ್ಧಿ ಹರಿತವಾಗಬಹುದು, ಬಳಗ ತಾನಾಗಿ ಹುಟ್ಟುವುದಿಲ್ಲ. ಬೆಂಗಳೂರಿನ ಎಚ್. ನರಸಿಂಹಯ್ಯನವರಿಗೆ ಇದು ಗೊತ್ತಿತ್ತು. ಪ್ರಶ್ನಿಸದೆ ಏನನ್ನೂ ಒಪ್ಪಬೇಡಿ ಎನ್ನುತ್ತಿದ್ದ ಈ ಗಾಂಧಿವಾದಿ ಮೇಷ್ಟ್ರು, ನ್ಯಾಷನಲ್ ಕಾಲೇಜಿನ ಹಾಸ್ಟೆಲ್ ಕೋಣೆಯಲ್ಲೇ ದಶಕಗಟ್ಟಲೆ ಬಾಳಿದರು. 1962ರಲ್ಲಿ ಬೆಂಗಳೂರು ಸೈನ್ಸ್ ಫೋರಂ ಶುರುಮಾಡಿದರು. ಪವಾಡಗಳನ್ನು ಪರೀಕ್ಷೆಗೆ ಕರೆದು 1976ರಲ್ಲಿ ಮಾಡಿದ ಸಮಿತಿಗಾಗಿಯೇ ಜನ ಅವರನ್ನು ನೆನೆಯುತ್ತಾರೆ. ನನಗೆ ಅದಕ್ಕಿಂತ ದೊಡ್ಡದಾಗಿ ಕಾಣುವುದು ಆ ಹಾಸ್ಟೆಲು ಮತ್ತು ಆ ಫೋರಂ, ಏಕೆಂದರೆ ಅಲ್ಲಿ ಜನ ಸೇರುತ್ತಿದ್ದರು.

ದೇಶಗಳ ಮಟ್ಟದಲ್ಲಿ ನೋಡಿದರೆ ಎರಡೂ ಕಡೆಯವರಿಗೆ ಹೇಳಿಕೊಳ್ಳಲು ಉದಾಹರಣೆಗಳಿವೆ. ಚರ್ಚುಗಳು ಖಾಲಿ ಬಿದ್ದಿರುವ ಡೆನ್ಮಾರ್ಕ್, ಭ್ರಷ್ಟಾಚಾರ ಕಡಿಮೆ ಇರುವ ದೇಶಗಳ ಪಟ್ಟಿಯಲ್ಲಿ ಮೇಲೆಯೇ ಇರುತ್ತದೆ. ಆದರೆ ಅಲ್ಲಿನ ನಡತೆಯ ಹಿಂದೆ ಕೆಲವು ನೂರು ವರ್ಷಗಳ ಕ್ರೈಸ್ತ ಶಿಸ್ತೂ ಇದೆ, ಕಷ್ಟ ಬಂದವರ ಕೈಬಿಡದ ಸರ್ಕಾರವೂ ಇದೆ. ಸ್ಟಾಲಿನ್ ಕಾಲದ ಸೋವಿಯತ್ ಒಕ್ಕೂಟ ಅಧಿಕೃತವಾಗಿ ನಾಸ್ತಿಕವಾಗಿತ್ತು. ಚರ್ಚು ಮುಚ್ಚಿಸಿತು, ಪಾದ್ರಿಗಳನ್ನು ಕೊಂದಿತು, ಲಕ್ಷಾಂತರ ಜನರನ್ನು ಬಲಿ ತೆಗೆದುಕೊಂಡಿತು. ದೇವರನ್ನು ಬಿಟ್ಟ ಮಾತ್ರಕ್ಕೆ ಮನುಷ್ಯ ಮೃದುವಾಗುವುದಿಲ್ಲ.

ಭರವಸೆಯ ಲೆಕ್ಕ

ಇಲ್ಲಿಗೆ ಬಂದಾಗ ನಂಬದವರು ಸ್ವಲ್ಪ ನಿಧಾನಿಸಬೇಕು. ಜರ್ಮನಿಯ ತತ್ವಜ್ಞಾನಿ ಇಮಾನ್ಯುಯೆಲ್ ಕಾಂಟ್ ನಿಧಾನಿಸಿದರು. ಕರ್ತವ್ಯ ಏನೆಂದು ತಿಳಿಯಲು ದೇವರು ಬೇಕಿಲ್ಲ, ಬುದ್ಧಿ ಸಾಕು ಎಂದವರು ಅವರು. ಆದರೆ ಒಳ್ಳೆಯವರಿಗೆ ಒಳ್ಳೆಯದಾಗುತ್ತದೆ ಎಂದು ಆಶಿಸಬೇಕಾದರೆ ದೇವರನ್ನೂ ಸಾವಿಲ್ಲದ ಆತ್ಮವನ್ನೂ ಇಟ್ಟುಕೊಳ್ಳಲೇಬೇಕು ಎಂದು 1788ರಲ್ಲಿ ಬರೆದರು. ಏಕೆಂದರೆ ಈ ಲೋಕದಲ್ಲಿ ಆ ಲೆಕ್ಕ ಸರಿಹೋಗುವುದಿಲ್ಲ.

ನಿಜಕ್ಕೂ ಸರಿಹೋಗುವುದಿಲ್ಲ. 1984ರ ಡಿಸೆಂಬರಿನ ಒಂದು ರಾತ್ರಿ ಭೋಪಾಲದಲ್ಲಿ ವಿಷಾನಿಲ ಸೋರಿ ಸಾವಿರಾರು ಜನ ಸತ್ತರು. ಯೂನಿಯನ್ ಕಾರ್ಬೈಡ್ ಮುಖ್ಯಸ್ಥ ವಾರೆನ್ ಆಂಡರ್ಸನ್ ಭಾರತದಲ್ಲಿ ಬಂಧನವಾಗಿ, ಜಾಮೀನಿನ ಮೇಲೆ ಹೋದವರು ವಿಚಾರಣೆಗೆ ವಾಪಸ್ ಬರಲೇ ಇಲ್ಲ. 2014ರಲ್ಲಿ ಅಮೆರಿಕದಲ್ಲಿ ತೀರಿಕೊಂಡರು. ಅಲ್ಲಿ ಮಗುವನ್ನು ಕಳೆದುಕೊಂಡ ತಾಯಿ ದೇವರನ್ನು ನಂಬುವವಳಾದರೆ, 'ಮೇಲೆ ಒಬ್ಬನಿದ್ದಾನೆ, ಅವನು ನೋಡಿಕೊಳ್ಳುತ್ತಾನೆ' ಎನ್ನಬಹುದು. ಮಗು ಎಲ್ಲೋ ಇದೆ, ಮತ್ತೆ ಸಿಗುತ್ತದೆ ಎನ್ನಬಹುದು. ನಂಬದವಳಿಗೆ ಈ ಎರಡೂ ಇಲ್ಲ. ಆ ಮೊಕದ್ದಮೆ ಅಷ್ಟಕ್ಕೇ ಮುಗಿಯಿತು. ಇದಕ್ಕೆ ಬದಲಿ ಇದೆ ಎಂದು ಹೇಳುವ ನಾಸ್ತಿಕರನ್ನು ನಾನು ಪೂರ್ತಿ ನಂಬುವುದಿಲ್ಲ. ಬದಲಿ ಇಲ್ಲ. ನ್ಯಾಯ ಸಿಗುವುದಿದ್ದರೆ ಇಲ್ಲೇ, ಬದುಕಿರುವಾಗಲೇ ಸಿಗಬೇಕು ಎಂಬ ಹಟ ಹುಟ್ಟಬಹುದು. ಅದು ದೊಡ್ಡ ವಿಷಯವೇ, ಆದರೆ ಸಮಾಧಾನ ಅಲ್ಲ.

ಗ್ರೀಸಿನ ಎಪಿಕ್ಯೂರಸ್ ಸಾವಿನ ಭಯಕ್ಕೆ ಒಂದು ಪ್ರಸಿದ್ಧ ಮದ್ದು ಹೇಳಿದ್ದಾನೆ. ನಾನಿರುವಾಗ ಸಾವಿಲ್ಲ, ಸಾವು ಬಂದಾಗ ನಾನಿಲ್ಲ, ಮತ್ತೆ ಭಯ ಯಾಕೆ? ವಾದ ಅಚ್ಚುಕಟ್ಟಾಗಿದೆ. ಆದರೆ ಅದು ಸಾಯುವವನ ಭಯಕ್ಕೆ ಮದ್ದು. ಹಿಂದೆ ಉಳಿದವರ ದುಃಖಕ್ಕೆ ಅದು ಮುಟ್ಟುವುದೇ ಇಲ್ಲ.

ಆದರೆ ಭರವಸೆ ಎಂದರೆ ಇಷ್ಟೇ ಅಲ್ಲ. ಸ್ಯಾಮ್ಯುಯೆಲ್ ಶೆಫ್ಲರ್ ಎಂಬ ಅಮೆರಿಕದ ತತ್ವಜ್ಞಾನಿ ಒಂದು ಪ್ರಶ್ನೆ ಇಡುತ್ತಾರೆ. ನೀವು ಪೂರ್ಣಾಯುಷ್ಯ ಬಾಳಿ ನೆಮ್ಮದಿಯಾಗಿ ಸಾಯುತ್ತೀರಿ. ಆದರೆ ನೀವು ಸತ್ತ 30 ದಿನಕ್ಕೆ ಭೂಮಿ ನಾಶವಾಗುತ್ತದೆ. ಇದು ಈಗಲೇ ಗೊತ್ತಾದರೆ ನೀವು ಮಾಡುತ್ತಿರುವ ಕೆಲಸ ಮುಂದುವರಿಸುತ್ತೀರಾ? ಕ್ಯಾನ್ಸರಿಗೆ ಮದ್ದು ಹುಡುಕುತ್ತಿರುವವರು, ಸೇತುವೆ ಕಟ್ಟುತ್ತಿರುವವರು, ನಿಘಂಟು ಬರೆಯುತ್ತಿರುವವರು ಕೈಚೆಲ್ಲಿಬಿಡುತ್ತಾರೆ ಅಲ್ವಾ? ನಮ್ಮದೇ ಸಾವು ಖಚಿತ ಎಂದು ಗೊತ್ತಿದ್ದೂ ನಾವು ಕೈಚೆಲ್ಲಿಲ್ಲ. ಮುಂದೆ ಹುಟ್ಟುವ, ನಮಗೆ ಗುರುತೇ ಇಲ್ಲದ ಜನ ಇರುವುದಿಲ್ಲ ಎಂದರೆ ಮಾತ್ರ ಉತ್ಸಾಹ ಸೋರಿಹೋಗುತ್ತದೆ. ಅಂದರೆ ನಮ್ಮ ದಿನದಿನದ ಭರವಸೆ ನಾವು ಅಂದುಕೊಂಡದ್ದಕ್ಕಿಂತ ಹೆಚ್ಚಾಗಿ ಇತರರ ಬಾಳಿನ ಮೇಲೆ ನಿಂತಿದೆ.

ದೇವರು, ಪರಲೋಕದ ಮಾತಿಗೆ ಸೊಪ್ಪು ಹಾಕದ ಶಿವರಾಮ ಕಾರಂತರು ಕೈಗಾ ಅಣು ವಿದ್ಯುತ್ ಸ್ಥಾವರದ ವಿರುದ್ಧ ಹೋರಾಡಿ, 1989ರಲ್ಲಿ ಲೋಕಸಭೆ ಚುನಾವಣೆಗೂ ನಿಂತರು. ಆಗ ಅವರಿಗೆ 87 ವರ್ಷ. ಅಣು ಸ್ಥಾವರ ಸರಿಯೋ ತಪ್ಪೋ ಎಂಬ ಚರ್ಚೆ ಬೇರೆ. ಅದರ ತ್ಯಾಜ್ಯದಿಂದ ಏನಾದರೂ ಆಗುವುದಿದ್ದರೆ ಅದು ಅವರಿಗಂತೂ ಆಗುತ್ತಿರಲಿಲ್ಲ. ಚುನಾವಣೆಯಲ್ಲಿ ಸೋತರು, ಸ್ಥಾವರವೂ ಬಂತು. ಸ್ವರ್ಗದ ಆಸೆ, ಗೆಲುವಿನ ಆಸೆ ಎರಡೂ ಇಲ್ಲದ ಕಡೆಯೂ ಮನುಷ್ಯ ಮುಂದಿನವರಿಗಾಗಿ ಬಿಸಿಲಿನಲ್ಲಿ ನಿಲ್ಲುತ್ತಾನೆ ಎಂಬುದಕ್ಕೆ ಬೇರೆ ಸಾಕ್ಷಿ ಹುಡುಕಬೇಕಿಲ್ಲ.

ಇನ್ನು ಸಾವಿನ ಮನೆಯ ವಿಷಯ. ಪುರೋಹಿತರಿಲ್ಲದೆ ಮದುವೆ ಆಗುವುದು ಕರ್ನಾಟಕಕ್ಕೆ ಹೊಸದಲ್ಲ. ಕುವೆಂಪು 1966ರಲ್ಲಿ ಮಗ ತೇಜಸ್ವಿಯವರ ಮದುವೆಗಾಗಿ ರೂಪಿಸಿದ ಮಂತ್ರ ಮಾಂಗಲ್ಯ ಈಗಲೂ ನಡೆಯುತ್ತಿದೆ. ಅದು ನಾಸ್ತಿಕರ ಮದುವೆಯೇನಲ್ಲ, ಪುರೋಹಿತಶಾಹಿ ಬೇಡ ಎಂದವರ ಮದುವೆ. ಸಾವಿಗೆ ಅಂಥದ್ದು ಇನ್ನೂ ಬೇರು ಬಿಟ್ಟಿಲ್ಲ. ಮಂತ್ರ ಮಾಂಗಲ್ಯದಲ್ಲಿ ಮದುವೆಯಾದವರೂ ಅಪ್ಪ ತೀರಿಕೊಂಡಾಗ ತಿಥಿ ಮಾಡಿಸುತ್ತಾರೆ. ಹೆದರಿಕೆಯಿಂದ ಹಾಗೆ ಮಾಡುತ್ತಾರೆ ಎಂದು ನನಗೆ ಅನಿಸುವುದಿಲ್ಲ. ದುಃಖದಲ್ಲಿರುವವರ ಕೈಗೆ ಹನ್ನೊಂದು ದಿನ, ಹದಿಮೂರು ದಿನ ಏನೋ ಒಂದು ಕೆಲಸ ಬೇಕಾಗುತ್ತದೆ. ಮನೆಯಲ್ಲಿ ಜನ ಓಡಾಡಬೇಕಾಗುತ್ತದೆ. ಧರ್ಮಗಳು ಅದನ್ನು ಸಿದ್ಧವಾಗಿ ಇಟ್ಟಿರುತ್ತವೆ. ದೇಹವನ್ನು ಮೆಡಿಕಲ್ ಕಾಲೇಜಿಗೆ ದಾನ ಕೊಟ್ಟ ಮನೆಯಲ್ಲಿ ಆಂಬುಲೆನ್ಸ್ ಹೋದಮೇಲೆ ಮುಂದೇನು ಎಂದು ಯಾರಿಗೂ ಗೊತ್ತಿರುವುದಿಲ್ಲ.

ಈಚೆಗೆ ಇಂಥ ಎಷ್ಟೋ ಮನೆಗಳು ನುಡಿನಮನ ಎಂಬುದನ್ನು ಹಿಡಿದುಕೊಂಡಿವೆ. ಒಂದು ಹಾಲ್ ಗೊತ್ತುಮಾಡಿ, ಫೋಟೋ ಇಟ್ಟು, ಗೆಳೆಯರು, ನೆಂಟರು, ಜೊತೆಗೆ ಕೆಲಸ ಮಾಡಿದವರು ಒಬ್ಬೊಬ್ಬರಾಗಿ ಮಾತಾಡುತ್ತಾರೆ. ಆಮೇಲೆ ಊಟ. ಮೊದಲು ಸಾಹಿತಿಗಳಿಗೆ, ಹೋರಾಟಗಾರರಿಗೆ ಮಾತ್ರ ಇದ್ದದ್ದು ಈಗ ಬ್ಯಾಂಕಿನವರ ಮನೆಗೂ, ಟೀಚರ್ ಮನೆಗೂ ಬಂದಿದೆ. ಹೆಚ್ಚಿನ ಕಡೆ ಅರ್ಧ ದಿನದಲ್ಲಿ ಮುಗಿದುಹೋಗುತ್ತದೆ. ಹನ್ನೊಂದು ದಿನದ ಕೆಲಸವನ್ನು ಅರ್ಧ ದಿನ ಮಾಡಲಾರದು. ಅದನ್ನು ಹಿಗ್ಗಿಸುವುದು ಹೇಗೆ ಎಂದು ನಂಬದವರು ಇನ್ನೂ ಕೂತು ಯೋಚಿಸಿಲ್ಲ.